ಏಳನೆಯ ಚೌಕ

ಚೆಂಗ್‌ಗೊಂಗ್ ಬಂದರಿನ ಹರಾಜುಕಟ್ಟೆಯ ಹಿಂದೆ
ಮೂವತ್ತೊಂದು ವರ್ಷ ಮೀನಿನ ಹೊಟ್ಟೆ ಸೀಳಿದವಳು ನಾನು.
ಕಣ್ಣು ಮುಚ್ಚಿ ಹೇಳಬಲ್ಲೆ
ಕತ್ತಿಯ ತುದಿಗೆ ತಾಗಿದ್ದು ಕರುಳೋ, ಗಾಳಿಚೀಲವೋ,
ಇಲ್ಲಾ ಆ ಹಸಿರು ಗುಳ್ಳೆಯೋ, ಪಿತ್ತ.
ಅದೊಂದನ್ನು ಒಡೆಯಬಾರದು.
ಒಡೆದರೆ ಇಡೀ ಮೀನು ಕಹಿ,
ಅವತ್ತಿನ ಕೂಲಿಯೂ ಕಹಿ.

ಇಷ್ಟೆಲ್ಲ ಗೊತ್ತಿದ್ದೂ
ಮೊಮ್ಮಗಳ ಬಟ್ಟೆ ಬಿಚ್ಚುವಾಗ ನನಗೇನೂ ಹೊಳೆಯಲಿಲ್ಲ.
"ಬೆಳ್ಳಗಿದ್ದರೇನು, ಹಾಲು ಬಿಟ್ಟು ಇನ್ನೇನು ಕುಡಿಯುತ್ತೆ" ಅಂದೆ.
ಸೆರಾ ನಕ್ಕಳು,
ಹೆತ್ತು ಮೂವತ್ತೈದು ದಿನದ, ನಿದ್ದೆಗೆಟ್ಟ ನಗು.
ನಮ್ಮ ಅಮಿಸ್ ಮನೆಗಳಲ್ಲಿ ಮಗಳು ಹೊಸಿಲು ದಾಟಿ ಹೋಗುತ್ತಿರಲಿಲ್ಲ,
ಅಳಿಯನೇ ಬರುತ್ತಿದ್ದ.
ಬಂದ ಅಳಿಯ ಮಾಯಾವ್
ಟ್ಯೂನಾ ಹಡಗಿನಲ್ಲಿ, ಎಲ್ಲೋ, ಸಿಗ್ನಲ್ ಸಿಗದ ನೀರಿನಲ್ಲಿ.

ಮನೆಯಲ್ಲಿ ಹಳದಿ ಬಲ್ಬು.
ಅದರಡಿ ಸುಣ್ಣದ ಗೋಡೆ ಹಳದಿ, ಅನ್ನ ಹಳದಿ,
ಮಗುವಿನ ಕಣ್ಣು ಹಳದಿಯಾದದ್ದು ಯಾರಿಗೆ ಕಾಣಬೇಕು?

ಆಮೇಲೆ ಚಂಡಮಾರುತ ಬಂತು.
ಎರಡು ರಾತ್ರಿ ತಗಡು ಕಿತ್ತು ಹಾರಿಸಿ
ಕರೆಂಟಿನ ಕಂಬ ಮಲಗಿಸಿ ಹೋಯಿತು.
ಮೂರನೆಯ ಬೆಳಗ್ಗೆ ತೊಳೆದಿಟ್ಟಂಥ ಬಿಸಿಲು.
ಬಟ್ಟೆ ಹಿಡಿದು ಅಂಗಳಕ್ಕೆ ಬಂದೆ,
ಬಿಚ್ಚಿದೆ, ನಿಂತೆ.

ಅಕ್ಕಿ ತೊಳೆದ ನೀರಿನ ತಳದ ಗಸಿ.
ಒಣಗಿದ ಜೇಡಿ.
ಬದುಕಿರುವ ಯಾವ ಹೊಟ್ಟೆಯಲ್ಲೂ
ನಾನು ಕಂಡಿರದ ಬಣ್ಣ.

ಹುಟ್ಟಿದ ಕೂಸಿಗೆಲ್ಲ ಸರ್ಕಾರ ಕೊಡುವ ಪುಸ್ತಕವೊಂದಿದೆ.
ನಾವದನ್ನು ಹಾಲಿನ ಡಬ್ಬಿಯ ಅಡಿಗಿಟ್ಟಿದ್ದೆವು.
ಒಳಗೊಂದು ಪುಟ, ಒಂಬತ್ತು ಚೌಕ,
ಒಂಬತ್ತು ಹೇಲಿನ ಬಣ್ಣ.
ಓದು ಬಾರದವರಿಗೂ ತಿಳಿಯಲೆಂದು ಯಾರೋ ಪುಣ್ಯಾತ್ಮರು
ಹೇಸದೆ ಕೂತು ಆರಿಸಿದ್ದಾರೆ.
ಏಳರಿಂದಾಚೆ ಭಯವಿಲ್ಲ.
ನಮ್ಮ ನಕಾವಳದ್ದು ಮೂರರ ಪಕ್ಕ ಇಟ್ಟರೆ
ಮೂರೇ.

"ಸೆರಾ, ಬಸ್ಸು ಇದೆಯಾ ನೋಡು."

ಬಸ್ಸಿತ್ತು. ಕುಸಿದ ಗುಡ್ಡ ಬಳಸಿ ತೈತುಂಗ್,
ಅಲ್ಲಿಂದ ರೈಲು, ಹುವಾಲಿಯೆನ್.
ದಾರಿಯುದ್ದಕ್ಕೂ ಆ ಬಟ್ಟೆ
ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಮಡಿಲಲ್ಲಿ.
ಎದುರು ಕೂತವರು ಮೂಗು ಮುಚ್ಚಿ ಬೇರೆ ಬೋಗಿ ಹುಡುಕಿದರು.
ಹೋಗಲಿ.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು:
ಇದು ಪಿತ್ತಜನಕಾಂಗ, ಇದು ಕರುಳು,
ನಡುವೆ ಇರಬೇಕಾದ ನಾಳ, ಮುಚ್ಚಿಹೋಗಿದೆ.
ಹೇಲಿಗೆ ಬಣ್ಣ ಕೊಡುವುದು ಪಿತ್ತವಂತೆ.
ಅರವತ್ತು ದಿನದೊಳಗೆ ಹೊಸ ದಾರಿ ಹೊಲಿದರೆ ಒಳ್ಳೆಯದಂತೆ.
ನನ್ನ ಗಂಡನಿಗೆ ಎಷ್ಟು ಸಲ ಬೈದಿದ್ದೆನೋ
ಪಿತ್ತ ನೆತ್ತಿಗೇರಿದೆ ನಿನಗೆ ಅಂತ.
ಈ ಕೂಸಿಗೆ ನಿಜವಾಗಿ ಏರಿತ್ತು, ಕಣ್ಣಿನವರೆಗೆ,
ಇಳಿಯಲು ದಾರಿಯಿಲ್ಲದೆ.

ನಲವತ್ತನಾಲ್ಕನೆಯ ದಿನ ಕೊಯ್ದರು.
ಕೊಯ್ಯುವವರ ಕೈ ನೋಡಿದೆ, ಸಣ್ಣ ಕೈ, ಉಗುರು ಚೊಕ್ಕ.
"ನಿಧಾನ" ಅಂದೆ. ಬೇರೇನು ಹೇಳಲಿ,
ನನಗೆ ಗೊತ್ತಿರುವುದೂ ಅದೇ ಕಸುಬು.

ಆಮೇಲಿನ ದಿನಗಳಲ್ಲಿ
ದೇವರನ್ನು ಬೇಡಿದ್ದು ಇನ್ನೇನೂ ಅಲ್ಲ, ಹೇಲು.
ಬಿಳಿ. ಬಿಳಿ. ಮತ್ತೆ ಬಿಳಿ.
ಎಂಟನೆಯ ರಾತ್ರಿ ಮೂರು ಗಂಟೆಗೆ ಸೆರಾ ನನ್ನ ತೋಳು ಹಿಂಡಿದಳು.
ಬಟ್ಟೆಯ ಮೇಲೆ ಒಂದೇ ಒಂದು ಗೆರೆ,
ಸಾಸಿವೆ ಸೊಪ್ಪು ಅರೆದು ಒರೆಸಿದ ಹಾಗೆ.
ಪಕ್ಕದ ಮಂಚದವಳನ್ನು ಎಬ್ಬಿಸಿ ತೋರಿಸಿದೆ.
ಬೈಯಲಿಲ್ಲ ಅವಳು. ಅತ್ತಳು.
ಅವಳ ಮಗುವಿನದು ಇನ್ನೂ ಎರಡನೆಯ ಚೌಕದಲ್ಲಿತ್ತು.

ಗೆದ್ದೆವು ಅಂತ ಡಾಕ್ಟರು ಹೇಳಲಿಲ್ಲ.
ಈ ಅಂಗ ತಾಳಬಹುದು, ತಾಳದೆಯೂ ಇರಬಹುದು,
ಮುಂದೆ ಇನ್ನೊಬ್ಬರದು ಬೇಕಾಗಬಹುದು ಅಂದರು.
ನನ್ನದು ತಗೊಳ್ಳಿ ಅಂದೆ.
ವಯಸ್ಸು ಕೇಳಿ ಸುಮ್ಮನಾದರು.

ಈಗ ಮತ್ತೆ ಹರಾಜುಕಟ್ಟೆಯ ಹಿಂದೆ ಕತ್ತಿ ಹಿಡಿದಿದ್ದೇನೆ.
ಬೆನ್ನಿಗೆ ಕೂಸು ಕಟ್ಟಿಕೊಂಡು ಮೀನು ಕೊಳ್ಳಲು ಬಂದವಳನ್ನು
ಹೆಸರು ಕೇಳುವ ಮೊದಲು ಕೇಳುತ್ತೇನೆ,
ಕಕ್ಕ ಯಾವ ಬಣ್ಣ?
ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ.
ಅಂದುಕೊಂಡು, ಮನೆಗೆ ಹೋಗಿ, ನೋಡುತ್ತಾರೆ.

ದಿನಾ ಬೆಳಗ್ಗೆ ಆಸ್ಪತ್ರೆಯಿಂದ ಸೆರಾಳ ಫೋನು,
ನಮಸ್ಕಾರವಿಲ್ಲ, ಬರೀ ಒಂದು ಅಂಕಿ.
"ಏಳು" ಅಂದಳು ಇವತ್ತು.
ಅಲ್ಲಿ ಮೋಡವಾ ಅಂತ ಕೇಳಿದೆ.
ಮೋಡ ಅಂದಳು.
"ಬಿಸಿಲು ಬರಲಿ,
ಇನ್ನೊಂದು ಸಲ ನೋಡು."